ರಸ್ತೆಯ ಆಚೆಯ ಅರ್ಧ

ನಮ್ಮ ಅಡ್ಡರಸ್ತೆಯಲ್ಲಿ ಪಾಲಿಕೆಯ ಪೊರಕೆ ಆಡುವುದು ಅರ್ಧಕ್ಕೆ ಮಾತ್ರ. ಕೋಗಿಲಿನ ಈ ಬಡಾವಣೆಯಲ್ಲಿ ವಾರ್ಡುಗಳ ಗಡಿ ಎಳೆದವರು ಅದನ್ನು ನಮ್ಮ ರಸ್ತೆಯ ನಟ್ಟನಡುವೆ ಎಳೆದರಂತೆ. ಎದುರು ಸಾಲಿನ ಮನೆಗಳು ಒಂದು ವಾರ್ಡಿಗೆ, ನಮ್ಮ ಸಾಲು ಇನ್ನೊಂದಕ್ಕೆ. ಎದುರು ಸಾಲಿಗೆ ದಿನಾ ಬೆಳಿಗ್ಗೆ ಒಬ್ಬ ಪೌರಕಾರ್ಮಿಕ ಹೆಂಗಸು ಬರುತ್ತಾಳೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಉದ್ದ ಹಿಡಿಯ ಪೊರಕೆಯಲ್ಲಿ ಗುಡಿಸುತ್ತಾ ರಸ್ತೆಯ ಮಧ್ಯದವರೆಗೆ ಬರುತ್ತಾಳೆ. ಅಲ್ಲಿ ಗೋಡೆಯೊಂದು ಎದ್ದಿದೆಯೋ ಎಂಬಂತೆ ತಿರುಗಿಬಿಡುತ್ತಾಳೆ. ನಮ್ಮ ಸಾಲಿಗೆ ಬರಬೇಕಾದವರು ಯಾರೋ, ನಾನಂತೂ ಕಂಡಿಲ್ಲ.

ಗೇಟಿನ ಮುಂದೆ ರಂಗೋಲಿಯ ಜಾಗವನ್ನು ನಾನೇ ಗುಡಿಸಿಕೊಳ್ಳುತ್ತೇನೆ. ಅದರಾಚೆ ಹೊಂಗೆ ಎಲೆ, ಹಾಲಿನ ಕವರು, ಯಾರೋ ಕಾರಿನಿಂದ ಎಸೆದ ಕಾಗದದ ಲೋಟ. "ಅದನ್ನೂ ಒಂದೇಟು ಎಳೆದುಬಿಟ್ರೆ ಮುಗೀತಲ್ಲ" ಎನ್ನುತ್ತಾರೆ ನಮ್ಮನೆಯವರು. ಅವರಿಗೆ ಹೇಗೆ ಹೇಳುವುದು? ಕಾನ್ವೆಂಟಿನಲ್ಲಿ ಪೌರನೀತಿ ಪಾಠ ಮಾಡುತ್ತಿದ್ದ ಸಿಸ್ಟರ್, ಬೀದಿ ಗುಡಿಸುವುದು ನಗರಸಭೆಯ ಕರ್ತವ್ಯ, ಗುಡಿಸದಿದ್ದರೆ ವಿನಯವಾಗಿ ಕೇಳುವುದು ನಮ್ಮ ಕರ್ತವ್ಯ ಎಂದು ಕಲಿಸಿದ್ದರು. ನಾನು ಅದನ್ನು ನಂಬಿದವಳು. ಈಗಲೂ ನಂಬುತ್ತೇನೆ.

ಆದರೆ ನಿಜ ಹೇಳಬೇಕೆಂದರೆ, ಕಸಕ್ಕಿಂತ ನನ್ನ ಹೊಟ್ಟೆ ಉರಿಸಿದ್ದು ಎದುರು ಮನೆಯ ಮೆಟ್ಟಿಲು. ಗುಡಿಸಿ ಮುಗಿದ ಮೇಲೆ ಅವಳು ಅಲ್ಲಿ ಕೂರುತ್ತಾಳೆ. ಎದುರು ಮನೆಯಾಕೆ ಎರಡು ಲೋಟ ಕಾಫಿ ತಂದು ಪಕ್ಕದಲ್ಲೇ ಕೂರುತ್ತಾರೆ. ಇಬ್ಬರೂ ಏನೋ ಹೇಳಿಕೊಂಡು ನಗುತ್ತಾರೆ. ಎದುರು ಮನೆಯವರು ಧಾರವಾಡದ ಕಡೆಯವರು, ಯಜಮಾನರಿಗೆ ಇಲ್ಲಿನ ಕಾಲೇಜಿನಲ್ಲಿ ಕೆಲಸ. ಬಂದದ್ದು ನಮಗಿಂತ ಎಷ್ಟೋ ವರ್ಷ ತಡವಾಗಿ. ಆದರೂ ಗುಡಿಸುವವಳಿಗೆ ಅವರು "ಅಕ್ಕ", ನಾನು "ಮೇಡಂ". ಒಂದು ಸಲ ನಾನೂ ಡಬ್ಬಿಯಲ್ಲಿ ಇಡ್ಲಿ ಹಾಕಿಕೊಂಡು ರಸ್ತೆ ದಾಟಿ ಹೋಗಿದ್ದೆ. "ಬ್ಯಾಡ ಮೇಡಂ, ಅಕ್ಕನ್ ಮನೇಲಿ ತಿಂದೆ" ಅಂದಳು. ಡಬ್ಬಿಯ ಮುಚ್ಚಳವನ್ನೂ ತೆಗೆಯದೆ ಮನೆಗೆ ತಂದೆ.

ಕೊನೆಗೆ ಪಾಲಿಕೆಯ ಆ್ಯಪಿನಲ್ಲಿ ದೂರು ಹಾಕಿದೆ. ಸಿಸ್ಟರ್ ಕಲಿಸಿದ ಹಾಗೆ, "ದಯವಿಟ್ಟು" ಎಂದು ಶುರು ಮಾಡಿ "ವಂದನೆಗಳೊಂದಿಗೆ" ಎಂದು ಮುಗಿಸಿದೆ. ಎರಡೇ ದಿನದಲ್ಲಿ ಉತ್ತರ ಬಂತು: ದೂರು ಬಗೆಹರಿದಿದೆ. ಜೊತೆಗೆ ಸಾಕ್ಷಿಗೆ ಒಂದು ಫೋಟೋ. ತೊಳೆದಿಟ್ಟಂಥ ರಸ್ತೆ, ಹಸಿರು ಗೇಟು, ಮೆಟ್ಟಿಲ ಮೇಲೆ ಎರಡು ಸ್ಟೀಲ್ ಲೋಟ. ಅದು ಎದುರು ಮನೆ.

ಫೋಟೋವನ್ನು ಬೆರಳಲ್ಲಿ ಹಿಗ್ಗಿಸಿ ನೋಡಿದೆ. ಅವರ ರಂಗೋಲಿ ನನ್ನದಕ್ಕಿಂತ ಚೆನ್ನಾಗಿತ್ತು. ಮತ್ತೆ ದೂರು ಹಾಕಿದೆ. ಮತ್ತೆ ಬಗೆಹರಿಯಿತು, ಮತ್ತೆ ಅವರದೇ ಗೇಟು.

ಅಷ್ಟರಲ್ಲಿ ನಮ್ಮ ಸಾಲಿನವರು ಬೇಸತ್ತಿದ್ದರು. ಪಾಲಿಕೆಯ ದಾರಿ ಕಾಯುವುದು ಬಿಟ್ಟು ಖಾಸಗಿಯವರಿಗೆ ಗುತ್ತಿಗೆ ಕೊಡೋಣ ಎಂದು ನಿವಾಸಿಗಳ ಸಂಘದ ಅಧ್ಯಕ್ಷರು ತಮ್ಮ ಮನೆಯ ಪಾರ್ಕಿಂಗಿನಲ್ಲಿ ಕುರ್ಚಿ ಹಾಕಿಸಿ ಸಭೆ ಕರೆದರು. ಅವರು ಈ ಬಡಾವಣೆ ಹೊಲವಾಗಿದ್ದಾಗಿನಿಂದ ಇಲ್ಲಿರುವ ಹಿರಿಯರು. ನಾನೊಬ್ಬಳೇ ಬೇಡವೆಂದೆ.

"ಇಂಗೇ ಎಷ್ಟ್ ದಿನ ಕಾಯೋದಮ್ಮ?" ಅಂದರು ಅವರು. "ಎಲೆಕ್ಷನ್ ಆಗಿ ಕಾರ್ಪೊರೇಟರ್ ಅಂತ ಒಬ್ಬ ಇದ್ದಿದ್ರೆ ಅವನ ಮನೆ ಮುಂದೆ ಓಗಿ ಕೂಗ್ಬೋದಿತ್ತು. ಈಗ ಯಾರ್‌ನ ಕೂಗೋದು, ನಿನ್ ಫೋನ್‌ನಾ?"

ಎಲ್ಲರೂ ನಕ್ಕರು. ನಾನೂ ನಕ್ಕು, ಇನ್ನೊಂದೇ ಒಂದು ದೂರಿಗೆ ಅವಕಾಶ ಕೊಡಿ, ಅದೂ ಆಗದಿದ್ದರೆ ನಿಮ್ಮಿಷ್ಟ ಎಂದೆ. ಮುಂದಿನ ಭಾನುವಾರದವರೆಗೆ ಎಂದು ತೀರ್ಮಾನವಾಯಿತು.

ಮೂರನೆಯ ದೂರು ಹಾಕಿ, ಈ ಸಲ ನಾನು ಗೇಟಿನಲ್ಲೇ ಕಾದೆ. ಶನಿವಾರ ಬೆಳಿಗ್ಗೆ ಪಾಲಿಕೆಯ ಒಬ್ಬಾತ ಬೈಕಿನಲ್ಲಿ ಬಂದ. ನಮ್ಮ ಗೇಟಿನ ಮುಂದೆಯೇ ನಿಲ್ಲಿಸಿ, ನನಗೆ ಬೆನ್ನು ಹಾಕಿ, ಎದುರು ಮನೆಯತ್ತ ಮೊಬೈಲ್ ಎತ್ತಿದ.

"ಏನಪ್ಪಾ, ದೂರು ಕೊಟ್ಟಿರೋದು ನಾನು. ಫೋಟೋ ಅವರ ಮನೇದಾ?"

"ಕ್ಲೀನಾಗಿರೋದು ಅದೇ ಅಲ್ವಾ ಮೇಡಂ? ಕಸದ ಫೋಟೋ ಹಾಕಿದ್ರೆ ಕಂಪ್ಲೇಂಟ್ ಕ್ಲೋಸ್ ಆಗಲ್ಲ." ಸ್ವಲ್ಪವೂ ಸಂಕೋಚವಿಲ್ಲದೆ ಹೇಳಿದ. "ರಸ್ತೆ ಹೆಸ್ರು ಒಂದೇ ತಾನೇ."

ಮೆಟ್ಟಿಲ ಮೇಲಿದ್ದ ಇಬ್ಬರೂ ಇದನ್ನು ಕೇಳಿಸಿಕೊಂಡರು. ಎದುರು ಮನೆಯಾಕೆ ಲೋಟ ಕೆಳಗಿಟ್ಟು ಎದ್ದರು. "ಇಷ್ಟಕ್ಕ ಯಾಕ ತಲಿ ಕೆಡಿಸ್ಕೋತೀರಿ? ನಾ ಹೇಳ್ತೀನಿ ತಡೀರಿ." ಆಮೇಲೆ ಗುಡಿಸುವವಳ ಕಡೆ ತಿರುಗಿ, "ಆ ಕಡೀನೂ ಒಂದೀಟು ಕಸಾ ಹೊಡದ್ಬಿಡ ನಮ್ಮವ್ವ" ಅಂದರು.

"ಆ ಕಡೆ ನಮ್ದಲ್ಲಕ್ಕಾ. ನೀವೇಳ್ತೀರಾ ಅಂತ ಮಾಡ್ತೀನಿ, ಇವತ್ತೊಂದಿನ."

ಬಂದಳು. ಚೊಕ್ಕಟವಾಗಿ ಗುಡಿಸಿದಳು, ಹೊಂಗೆಯ ಬುಡವನ್ನೂ ಬಿಡಲಿಲ್ಲ. ಬೈಕಿನವನು ನನ್ನ ಗೇಟಿನ ಫೋಟೋ ತೆಗೆದುಕೊಂಡ. ನಾನು ಥ್ಯಾಂಕ್ಸ್ ಅಂದೆ, ಮೊದಲು ಗುಡಿಸಿದವಳಿಗೆ, ಆಮೇಲೆ ಎದುರು ಮನೆಯವರಿಗೆ. ಎರಡನೆಯದನ್ನು ಗೇಟಿನ ಚಿಲಕ ಹಾಕಿಕೊಳ್ಳುತ್ತಾ ಹೇಳಿದೆ.

ಭಾನುವಾರ ಸಭೆಯಲ್ಲಿ, ನನ್ನ ಗೇಟಿನ ಫೋಟೋ ಇದ್ದ ಪಾಲಿಕೆಯ ಉತ್ತರದೊಂದಿಗೆ ನನ್ನ ಫೋನು ಕೈಯಿಂದ ಕೈಗೆ ಹೋಯಿತು. ಅಧ್ಯಕ್ಷರು ಕನ್ನಡಕ ಹಣೆಗೇರಿಸಿ ನೋಡಿದರು. "ಅಲ್ಲಾ ಕಣಮ್ಮಾ, ಪಾಲಿಕೆಯೋರು ಮಾಡವ್ರಲ್ಲ. ಗೆದ್ಬಿಟ್ಟೆ ನೀನು."

ಸುಮ್ಮನಿದ್ದಿದ್ದರೆ ಸಾಕಿತ್ತು. ನಮ್ಮ ಸಾಲು ಪಾಲಿಕೆಯ ಜೊತೆಗೇ ಉಳಿಯುತ್ತಿತ್ತು. ನಾನು ಬಯಸಿದ್ದೂ ಅದನ್ನೇ. ಆದರೆ ಎದುರು ಮನೆಯಾಕೆ ಬಾಲ್ಕನಿಯಲ್ಲಿ ಟವೆಲು ಒಣಹಾಕುತ್ತಾ ನಮ್ಮ ಕಡೆ ನೋಡಿ ನಕ್ಕರು. ಒಳ್ಳೆಯ ನಗುವೇ. ಇನ್ನು ಮೇಲೆ ನನ್ನ ಗೇಟಿನ ಮುಂದೆ ಕಸ ಬಿದ್ದಾಗಲೆಲ್ಲ ನಾನು ಆ ನಗುವಿನ ಮುಂದೆ ಹೋಗಿ ನಿಲ್ಲಬೇಕಾಗುತ್ತದೆ ಎನ್ನಿಸಿತು.

"ಪಾಲಿಕೆಯವರು ಮಾಡಿದ್ದಲ್ಲ," ಅಂದೆ. "ಎದುರು ಮನೆಯವರು ಹೇಳಿದ್ದಕ್ಕೆ ಆ ಕಡೆ ಗುಡಿಸುವವಳು ಒಂದು ದಿನ ಗುಡಿಸಿದ್ದು. ನಮ್ಮ ವಾರ್ಡಿನಿಂದ ಯಾರೂ ಬಂದಿಲ್ಲ."

ಆಮೇಲೆ ಎಲ್ಲರೂ ಕೈ ಎತ್ತಿದರು, ಗುತ್ತಿಗೆ ಖಾಸಗಿಯವರ ಪಾಲಾಯಿತು. ನಮ್ಮ ಮನೆ ಸೇರುವುದಿಲ್ಲ ಎಂದೆ. ಅಧ್ಯಕ್ಷರು "ಆಯ್ತು ಬಿಡಮ್ಮ, ನಿನ್ ಮನೆ ನಿನ್ದು" ಅಂದರು. ಮನೆಗೆ ಬಂದು ಆ್ಯಪ್ ತೆರೆದು, ಅದೇ ದೂರನ್ನು ಮತ್ತೆ ತೆರೆಯಿರಿ ಎಂಬುದನ್ನು ಒತ್ತಿದೆ. "ಗೇಟಿನ ಮುಂದೆ ಒಂದೆಲೆ ಇಲ್ಲ, ಇನ್ನೆಂಥ ದೂರು?" ಎಂದು ನಮ್ಮನೆಯವರು ಕೇಳಿದರು. ಒಂದೆಲೆ ಇಲ್ಲ, ನಿಜ. ಬರಬೇಕಾದವರು ಬರಲಿಲ್ಲ, ಅದೇ ದೂರು ಅಂದೆ. ಅವರು ಟೀವಿಯ ಸದ್ದು ಹೆಚ್ಚಿಸಿದರು.

ಈಗ ಗುತ್ತಿಗೆಯವರ ನೀಲಿ ಟೀ ಶರ್ಟಿನ ಇಬ್ಬರು ನಮ್ಮ ಸಾಲನ್ನು ಗುಡಿಸಿಕೊಂಡು ಬಂದು, ನನ್ನ ಕಾಂಪೌಂಡಿನ ಈ ತುದಿಗೆ ನಿಲ್ಲಿಸಿ, ಆ ತುದಿಯಿಂದ ಮತ್ತೆ ಶುರು ಮಾಡುತ್ತಾರೆ. ಹೊಂಗೆ ಎಲೆಗಳಿಗೂ ಗೊತ್ತಾದಂತಿದೆ, ಗಾಳಿ ಬೀಸಿದಾಗ ಎಲ್ಲ ನನ್ನ ಗೇಟಿಗೇ ಬಂದು ಸೇರುತ್ತವೆ. ಫೋನಿನಲ್ಲಿ "ಪ್ರಗತಿಯಲ್ಲಿದೆ" ಎಂದಿದೆ.

ಮೊನ್ನೆ ಬೆಳಿಗ್ಗೆ ಎದುರು ಮನೆಯಾಕೆ ತಮ್ಮ ಗೇಟಿಗೆ ಒರಗಿ ನಿಂತು ಕೇಳಿದರು. "ನೀವೊಬ್ರಽ ಉಳದೀರಲ್ರೀ. ನಾ ಮತ್ತ ಹೇಳ್ಲೇನು ಆಕಿಗೆ?"

"ಬೇಡ್ರೀ. ನಮ್ಮ ವಾರ್ಡಿನವರು ಬರ್ತಾರೆ."

"ಬರ್ಲಿ, ಬರ್ಲಿ," ಎನ್ನುತ್ತಾ ಅವರು ಒಳಗೆ ಹೋಗಿ, ಎರಡು ಲೋಟ ಕಾಫಿ ತಂದು ಮೆಟ್ಟಿಲ ಮೇಲಿಟ್ಟರು. ನಾನು ರಂಗೋಲಿಯ ಬಟ್ಟಲು ಹಿಡಿದು ನಿಂತು ನೋಡಿದೆ. ಗುಡಿಸುವವಳು ಬಂದು ಒಂದನ್ನು ಎತ್ತಿಕೊಂಡಳು. ಎರಡರಲ್ಲಿ ಅವಳ ಲೋಟಕ್ಕೇ ನೊರೆ ಹೆಚ್ಚಿತ್ತು.