ದಾರ ಕಟ್ಟಿದ ಚಿಟ್ಟೆ

ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಕಾರ್ಯಾಚರಣೆಗೆ ಮುಂಚಿನ ಬೇಸಿಗೆಯಲ್ಲಿ ನನಗೆ ಎಂಟು ವರ್ಷ. ನಿಜಾಮನ ಕಡೆಯ ಬಂದೂಕಿನವರು ಹುಡುಕುತ್ತಿದ್ದಾರೆಂದು ಅಪ್ಪ ಸಂತಪುರದ ಆಚೆಯ ಮುತ್ತುಗದ ಕಾಡು ಸೇರಿದ್ದ. ಅವ್ವ ಪತ್ರಾವಳಿಗೆ ಎಲೆ ತರುವ ನೆಪ ಮಾಡಿ, ದಾರಿಯಲ್ಲಿ ಕಿತ್ತ ಎಲೆಗಳ ಕೆಳಗೆ ಬುಟ್ಟಿಯಲ್ಲಿ ಅಪ್ಪನ ರೊಟ್ಟಿ ಮುಚ್ಚಿಟ್ಟು, ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದಳು.

ನನ್ನ ಕೆಲಸ ಚಿಟ್ಟೆ ನೋಡುವುದು. ಕಾಡಿನೊಳಗಿನ ಒರತೆಯ ಹಸಿ ಮಣ್ಣಿನ ಮೇಲೆ ಹಳದಿ ಚಿಟ್ಟೆಗಳು ಗುಂಪಾಗಿ ಕೂತಿರುತ್ತಿದ್ದವು. ಕೂತಿದ್ದರೆ ಹತ್ತಿರ ಯಾರೂ ಇಲ್ಲ. ಎದ್ದು ಹಾರಾಡುತ್ತಿದ್ದರೆ ಯಾರೋ ಈಗಷ್ಟೇ ಓಡಾಡಿದ್ದಾರೆ, ಹಿಂದಕ್ಕೆ ತಿರುಗಬೇಕು. ಇದನ್ನು ಅಪ್ಪನೇ ಹೇಳಿಕೊಟ್ಟಿದ್ದ.

ಆ ದಿನ ಅವು ಕೂತೇ ಇದ್ದವು. ಆದರೆ ನೀರಿನ ಮೇಲೆ ಕೆಂಪನೆಯ ಏರೋಪ್ಲೇನ್ ಚಿಟ್ಟೆಯೊಂದು ಕಂಡಿತು, ನನ್ನ ಕೈ ಸುಮ್ಮನಿರಬೇಕಲ್ಲ. ಹಿಡಿದು, ಅವ್ವನ ಸೆರಗಿನಿಂದ ಎಳೆದ ದಾರವನ್ನು ಬಾಲಕ್ಕೆ ಕಟ್ಟಿದೆ. ನಮ್ಮೂರ ಮಕ್ಕಳೆಲ್ಲ ಆಡುತ್ತಿದ್ದ ಆಟ. ದಾರ ಕೈಜಾರಿ, ಚಿಟ್ಟೆ ಬಂಡಿದಾರಿಯ ಕಡೆ ಹಾರಿತು. ಈಗಲೂ ಆ ಕೈಗೆ ಎರಡು ಏಟು ಕೊಡಬೇಕೆನಿಸುತ್ತದೆ.

ಸ್ವಲ್ಪ ಹೊತ್ತಿಗೆ ಹಳದಿ ಚಿಟ್ಟೆಗಳೆಲ್ಲ ಒಮ್ಮೆಲೇ ಎದ್ದವು. ಬಂದೂಕು ಹೆಗಲಿಗೇರಿಸಿದವನೊಬ್ಬ ಬಂದ. ಅವನ ಬೆರಳಲ್ಲಿ ನನ್ನ ದಾರ, ದಾರದ ತುದಿಗೆ ಚಿಟ್ಟೆ. ದಾರ ಕಟ್ಟಿದ ಚಿಟ್ಟೆ ಕಂಡರೆ ಹತ್ತಿರದಲ್ಲೇ ಮಕ್ಕಳಿದ್ದಾರೆಂದು ಯಾರಿಗೆ ತಿಳಿಯದು?

"ಯಾರದಿದು?"

"ನಮ್ಮ ಹುಡುಗಿದು ಸಾಬ್ರ. ಎಲಿಗೆ ಬಂದೀವ್ರಿ," ಅಂದಳು ಅವ್ವ.

ಅವನು ಬುಟ್ಟಿಯ ಎಲೆ ಸರಿಸಿದ. ನಾಲ್ಕು ರೊಟ್ಟಿ ಕಂಡವು. "ಹಂಗಾದ್ರ ಇಬ್ರೂ ಇಲ್ಲೇ ಕೂತು ಉಣ್ರಿ."

"ಇವತ್ತು ಸೋಮವಾರ ಅದರಿ, ನಾ ಹಗಲಿಗೆ ಉಣ್ಣಂಗಿಲ್ಲ."

ವರ್ಷಗಟ್ಟಲೆ ನಡೆಸಿದ ವ್ರತ, ಮಾತು ತಾನಾಗಿ ಬಾಯಿಗೆ ಬಂದುಬಿಟ್ಟಿತ್ತು. ಅಂದ ಮೇಲೆ ಅವ್ವನಿಗೆ ತಪ್ಪು ಹೊಳೆಯಿತು.

"ಅಂದ್ರ ನಾಲ್ಕೂ ಈ ಪೋರಿಗೇನು?"

"ಹೌದ್ರಿ. ಇಕಿ ಹೊಟ್ಟಿ ದೊಡ್ಡದದ."

"ತಿನ್ನಲಿ, ನೋಡ್ತೇನಿ."

ತಿಂದೆ. ಇಪ್ಪತ್ತು ಹೆಜ್ಜೆ ದೂರದ ಪೊದೆಯಲ್ಲಿ, ನಿನ್ನೆಯಿಂದ ಏನೂ ತಿನ್ನದ ಅಪ್ಪ ಉಸಿರು ಬಿಗಿಹಿಡಿದು ಕೂತಿದ್ದಾನೆಂದು ನನಗೆ ಗೊತ್ತಿತ್ತು. ಒಂದು ತುತ್ತು ಉಳಿದರೂ ಅಪ್ಪನ ಜೀವ ಹೋಗುತ್ತದೆ ಎಂದುಕೊಂಡು ನುಂಗಿದೆ. ಮೂರನೆಯದು ಗಂಟಲಲ್ಲಿ ನಿಂತಿತು. ಅವ್ವ ಬೆನ್ನು ತಟ್ಟಿ ನೀರು ಕುಡಿಸಿದಳು. ನಾಲ್ಕನೆಯದೂ ಮುಗಿದಾಗ ಅವನು ನಕ್ಕು, ಚಿಟ್ಟೆಯನ್ನು ನನ್ನ ಮಡಿಲಿಗೆ ಎಸೆದು ಹೋದ.

ಹಳದಿ ಚಿಟ್ಟೆಗಳು ಮತ್ತೆ ಮಣ್ಣಿಗಿಳಿಯುವವರೆಗೆ ನಾವು ಅಲುಗಲಿಲ್ಲ. ಆಮೇಲೆ ಅಪ್ಪ ಹೊರಬಂದ. ಬೈಯುತ್ತಾನೆಂದು ಹೆದರಿ ನಾನು ಅತ್ತೆ. ಅವನು ನನ್ನ ಗದ್ದಕ್ಕೆ ಅಂಟಿದ್ದ ರೊಟ್ಟಿಯ ಚೂರನ್ನು ಬೆರಳಿನಿಂದ ತೆಗೆದು ಬಾಯಿಗೆ ಹಾಕಿಕೊಂಡ.

"ಅಳಬ್ಯಾಡವ್ವ, ನನ್ನ ಹೊಟ್ಟಿ ತುಂಬ್ತು," ಅಂದ.