ಕ್ಷಮೆ ಕೇಳದ ಕುರ್ಚಿ

ಥಾರ್ನ್‌ಬೆಕ್ ಟೆನಿಸ್ ಕ್ಲಬ್ಬಿನ ಹುಲ್ಲಂಗಳದ ಪಕ್ಕದಲ್ಲಿ ಅಂಪೈರ್ ಕೂರುವ ಎತ್ತರದ ಕುರ್ಚಿಯೊಂದಿದೆ. ಹಸಿರು ಬಣ್ಣ ಅಲ್ಲಲ್ಲಿ ಎದ್ದುಹೋಗಿದೆ, ಕೂತರೆ ಒಂದು ಕಾಲು ಕುಯ್‌ಗುಡುತ್ತದೆ. ಬೆರಿಲ್ ಅಕ್ರಾಯ್ಡ್ ಕಣ್ಣಿಗೆ ಮಾತ್ರ ಅದು ಸಾಕ್ಷಾತ್ ಸಿಂಹಾಸನ.

ಬೆರಿಲ್ ಊರಿನ ಶಾಲೆಯಲ್ಲಿ ಮಕ್ಕಳಿಗೆ ಮಧ್ಯಾಹ್ನದ ಊಟ ಬಡಿಸುವವಳು. ಬೇಸಿಗೆಯ ಶನಿವಾರಗಳಲ್ಲಿ ಕ್ಲಬ್ಬಿನ ಚಹಾ, ಸೌತೆಕಾಯಿ ಸ್ಯಾಂಡ್‌ವಿಚ್ಚು ಅವಳ ಪುಕ್ಕಟೆ ಸೇವೆ. ಚಹಾದ ಕಿಟಕಿಗೆ ಆ ಕುರ್ಚಿ ನೇರ ಎದುರು. ವರ್ಷಗಟ್ಟಲೆ ಅವಳು ಚಹಾ ಬಗ್ಗಿಸುತ್ತಲೇ ಮನಸ್ಸಿನಲ್ಲಿ ಸಿಂಹಾಸನವೇರಿ, ಚೆಂಡು ಗೆರೆ ದಾಟಿತೋ ಇಲ್ಲವೋ ಎಂದು ತೀರ್ಪು ಕೊಟ್ಟಿದ್ದಾಳೆ. ತೀರ್ಪಿನ ಭರದಲ್ಲಿ ಚಹಾ ಬಟ್ಟಲಿನ ಗೆರೆ ದಾಟಿದ್ದೂ ಉಂಟು.

ಈ ಸಲ ಹಳೆಯ ಅಂಪೈರ್ ತಮ್ಮ ಮಂಡಿನೋವನ್ನು ಕಟ್ಟಿಕೊಂಡು ಸ್ಪೇನಿನ ಬಿಸಿಲಿಗೆ ಹೊರಟುಹೋದರು. ಅಂಪೈರ್ ತರಬೇತಿಗೆ ಯಾರು ಬರುತ್ತೀರಿ ಎಂದು ಕ್ಲಬ್ಬಿನ ಸಭೆ ಕೇಳಿದಾಗ ಎಲ್ಲರೂ ತಮ್ಮ ಬೂಟು ನೋಡಿಕೊಂಡರು. ಮೇಲೆದ್ದದ್ದು ಒಂದೇ ಕೈ. ಆ ಕೈಯಲ್ಲಿ ಸ್ಯಾಂಡ್‌ವಿಚ್ಚಿನ ಚಾಕುವಿತ್ತು. ವಿರೋಧಿಸುವ ಧೈರ್ಯ ಯಾರಿಗೂ ಬರಲಿಲ್ಲ.

ಕಲಿಸಲು ಲೀಡ್ಸ್ ನಗರದಿಂದ ಟ್ರೆಂಚರ್ಡ್ ಎಂಬುವರು ಬಂದರು. ನೀಲಿ ಕೋಟು, ಬಿಳಿ ಮೀಸೆ, ಅಳೆದು ತೂಗಿ ಮಾತು.

"ಚೆಂಡಿನ ಹಿಂದೆ ಓಡ್ಬೇಡಿ ಬೆರಿಲ್. ಚೆಂಡು ಬರೋಕೆ ಮುಂಚೆನೇ ಕಣ್ಣು ಗೆರೆ ಮೇಲಿರ್ಬೇಕು. ಹೊರಗೆ ಬಿದ್ರೆ ಕೂಗಿ, ಕೈ ಚಾಚಿ. ತೀರಾ ಗೆರೆ ಹತ್ರ ಒಳಗೆ ಬಿದ್ರೆ ಬಾಯಿ ಮುಚ್ಕೊಂಡು ಅಂಗೈ ಎರಡನ್ನೂ ನೆಲದ ಕಡೆ ಚಪ್ಪಟೆ ಹಿಡೀರಿ. ಅಷ್ಟೇ."

ಅಷ್ಟೇ ಆಗಿದ್ದರೆ ಬೆರಿಲ್ ಹುಟ್ಟು ಅಂಪೈರ್. ದೂರದ ಮೇಜಿನ ಮಗು ಬಟಾಣಿಯನ್ನು ಕಾಲುಚೀಲದೊಳಗೆ ಇಳಿಬಿಟ್ಟರೂ ಕಾಣುವ ಕಣ್ಣು ಅವಳದು. ಕಂಠವಂತೂ ಇಡೀ ಊಟದ ಕೋಣೆಯನ್ನು ಒಂದೇ ಏಟಿಗೆ ಮೌನವಾಗಿಸುವಂಥದ್ದು. ಟ್ರೆಂಚರ್ಡ್ ಹೊಡೆದ ಮೊದಲ ಚೆಂಡು ಗೆರೆಯಾಚೆ ಬಿತ್ತು.

"ಔಟ್!"

ಕ್ಲಬ್ಬಿನ ಸೂರಿನಿಂದ ಪಾರಿವಾಳಗಳು ಹಾರಿದವು. ಟ್ರೆಂಚರ್ಡ್ ಮೀಸೆ ಮೆಚ್ಚುಗೆಯಿಂದ ಅಲುಗಿತು. ಅಷ್ಟರಲ್ಲಿ ಕುರ್ಚಿಯ ಮೇಲಿಂದ ಇಲಿಯ ದನಿಯೊಂದು ಇಳಿದುಬಂತು.

"ಸಾರಿ."

"ಯಾಕೆ ಸಾರಿ?"

"ಪಾಪ, ಅಷ್ಟು ಚೆನ್ನಾಗಿ ಹೊಡೆದಿದ್ರಿ."

"ನೋಡಿ, ಸಾರಿ ಅಂದ್ರೆ ನಿಮ್ಮ ತೀರ್ಪಿನ ಮೇಲೆ ನಿಮಗೇ ನಂಬಿಕೆ ಇಲ್ಲ ಅಂದ ಹಾಗೆ. ಆಟಗಾರ ಅಲ್ಲಿಂದಲೇ ಜಗಳ ಶುರು ಹಚ್ಕೋತಾನೆ."

"ಅಯ್ಯೋ ಹೌದಲ್ವಾ? ಸಾರಿ."

ಟ್ರೆಂಚರ್ಡ್ ಆಕಾಶ ನೋಡಿದರು.

ಅವರು ಲೀಡ್ಸ್‌ನವರು, ಸ್ವಲ್ಪ ಗಟ್ಟಿ. ಥಾರ್ನ್‌ಬೆಕ್‌ನಲ್ಲಿ ಸಾರಿ ಎಂಬುದು ಉಸಿರಿನ ಜೊತೆಗೇ ಬರುವ ವಸ್ತು. ಒಬ್ಬರ ಕಾಲನ್ನು ಇನ್ನೊಬ್ಬರು ತುಳಿದರೆ ಮೊದಲು ಕ್ಷಮೆ ಕೇಳುವುದು ತುಳಿಸಿಕೊಂಡವರು. ಅದರಲ್ಲೂ ಬೆರಿಲ್ ಆ ಊರಿಗೇ ಮೇಲು. ಹಲ್ಲಿನ ಡಾಕ್ಟರ್ ಲ್ಯಾಂಗ್‌ಸ್ಟಾಫ್ ಅವಳ ದವಡೆ ಕೊರೆಯುವಾಗ, ರಕ್ತ ಬಂದದ್ದಕ್ಕೂ ಅವಳೇ ಅವರ ಕ್ಷಮೆ ಕೇಳಿದ್ದಳು.

ವಾರ ಕಳೆದರೂ ರೋಗ ಇಳಿಯಲಿಲ್ಲ. ಕೊನೆಗೆ ಟ್ರೆಂಚರ್ಡ್ ಷರತ್ತು ಹಾಕಿದರು. "ಶನಿವಾರದ ಕ್ಲಬ್ ಫೈನಲ್ಲೇ ನಿಮಗೆ ಪರೀಕ್ಷೆ. ಒಂದೇ ಒಂದು 'ಸಾರಿ' ಕೇಳಿಸ್ತೋ, ನೀವು ಕೆಳಗೆ, ನಾನು ಮೇಲೆ. ಆಮೇಲೆ ನೀವುಂಟು, ನಿಮ್ಮ ಚಹಾ ಉಂಟು."

ಮನೆಯಲ್ಲಿ ಘೋರ ತಪಸ್ಸು ಶುರುವಾಯಿತು. ಗಂಡ ಕ್ಲಿಫ್ ತನ್ನ ಸೈಕಲ್ಲಿನ ಗಂಟೆ ಬಿಚ್ಚಿ ತಂದು ಅಡುಗೆಮನೆಯಲ್ಲಿ ಗುರುಪೀಠ ಸ್ಥಾಪಿಸಿದ. ನೆಲದ ಮೇಲೆ ಬಿಳಿ ಟೇಪು ಅಂಟಿಸಿ, ಸುರುಳಿ ಸುತ್ತಿದ ಕಾಲುಚೀಲ ಎಸೆಯುವುದು ಅವನ ಕೆಲಸ, ತೀರ್ಪು ಅವಳದು. ಸಾರಿ ಬಾಯಿಂದ ಜಾರಿದರೆ ಟ್ರಿಂಗ್.

ಬೆಕ್ಕಿನ ಬಾಲ ತಾಗಿತು. "ಸಾರಿ, ಪುಟ್ಟಾ." ಟ್ರಿಂಗ್.

ಬಾಗಿಲು ಹಣೆಗೆ ಬಡಿಯಿತು. "ಸಾರಿ." ಟ್ರಿಂಗ್.

"ಬಾಗಿಲಿಗೂ ಸಾರಿನೇನೇ?"

"ಅದಕ್ಕೂ ಪೆಟ್ಟಾಯ್ತಲ್ಲ ಕ್ಲಿಫ್!"

"ಮದ್ವೆ ಆದಾಗಿಂದ ನನಗೆ ಒಂದ್ಸಲನಾದ್ರೂ ಹೇಳಿದೀಯಾ?"

"ನಿನ್ನ ಜೊತೆ ನಾನು ಯಾವತ್ತೂ ತಪ್ಪೇ ಮಾಡಿಲ್ವಲ್ಲ."

ಕ್ಲಿಫ್ ಗಂಟೆ ಬಾರಿಸಲು ಕಾರಣ ಹುಡುಕಿದ, ಸಿಗಲಿಲ್ಲ.

ಶನಿವಾರ ಬಂತು. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಚಾಕುವಿನ ಬದಲು ಪೆನ್ಸಿಲ್ ಧರಿಸಿ, ಬೆರಿಲ್ ಸಿಂಹಾಸನವೇರಿದಳು. ಕುರ್ಚಿ ಜಯಘೋಷದಂತೆ ಕುಯ್‌ಗುಟ್ಟಿತು. ಒಂದು ಕಡೆ ಬಸ್ ಡ್ರೈವರ್ ಹೆಬಲ್‌ವೈಟ್. ಇನ್ನೊಂದು ಕಡೆ, ವಿಧಿಯ ಚೇಷ್ಟೆ ನೋಡಿ, ಹಲ್ಲಿನ ಡಾಕ್ಟರ್ ಲ್ಯಾಂಗ್‌ಸ್ಟಾಫ್! ಕುರ್ಚಿಯ ಬುಡದಲ್ಲೇ ಟ್ರೆಂಚರ್ಡ್. ಅವರ ಹಿಂದೆ ಕ್ಲಿಫ್, ಜೇಬಿನಲ್ಲಿ ಗಂಟೆ.

ಮೊದಲ ಸೆಟ್ಟು ಡ್ರೈವರಿಗೆ, ಎರಡನೆಯದು ಡಾಕ್ಟರಿಗೆ. ಔಟ್ ಎಂದು ಗರ್ಜಿಸಿದಾಗಲೆಲ್ಲ ಒಂದು 'ಸಾರಿ' ಬೆರಿಲ್‌ಳ ಗಂಟಲವರೆಗೆ ಬಂದು ತುಟಿ ತಟ್ಟುತ್ತಿತ್ತು. ಅವಳು ಬಿಸಿ ಆಲೂಗಡ್ಡೆ ನುಂಗಿದಂತೆ ನುಂಗುತ್ತಿದ್ದಳು. ಮೂರನೆಯ ಸೆಟ್ಟಿನ ಹೊತ್ತಿಗೆ ಹೊಟ್ಟೆ ತುಂಬ ಸಾರಿಯೇ.

ಆಗ ಹೆಬಲ್‌ವೈಟ್ ಬಸ್ಸು ತಿರುಗಿಸುವವನಂತೆ ಇಡೀ ಮೈ ತಿರುಗಿಸಿ ಒಂದು ಹೊಡೆತ ಹೊಡೆದ. ಚೆಂಡು ಅಂಗಳದ ಹಿಂದಿನ ಗೆರೆಯ ಹತ್ತಿರ ಬಿತ್ತು.

"ಔಟ್!"

ಕೂಗು ಬಾಯಿ ದಾಟುವಾಗಲೇ ಬೆರಿಲ್‌ಗೆ ಕಾಣಿಸಿತು, ಗೆರೆಯಿಂದ ಸುಣ್ಣದ ಬಿಳಿ ಪುಡಿ ಹಾರಿದ್ದು. ಚೆಂಡು ಗೆರೆಯನ್ನು ಮುಟ್ಟಿತ್ತು. ಅವಳ ಕೂಗು ಕೇಳಿ ಡಾಕ್ಟರು ಎತ್ತಿದ ರ‍್ಯಾಕೆಟ್ ಇಳಿಸಿಬಿಟ್ಟಿದ್ದರು.

ತಪ್ಪು. ಅಪ್ಪಟ, ನಿಜವಾದ ತಪ್ಪು. ಬಾಗಿಲಿಗೆ, ಬೆಕ್ಕಿಗೆ ಹಂಚಿದ ಸಾರಿಗಳೆಲ್ಲ ದುಂದುವೆಚ್ಚ. ಬಾಳಿನಲ್ಲಿ ಒಂದು 'ಸಾರಿ'ಗೆ ನ್ಯಾಯವಾದ ಜಾಗ ಸಿಕ್ಕಿದ್ದರೆ ಅದು ಇದೇ! ಟ್ರೆಂಚರ್ಡ್ ಎದ್ದು ಕೋಟಿನ ಗುಂಡಿ ಹಾಕಿಕೊಂಡು ಕುರ್ಚಿಯ ಏಣಿಯ ಕೆಳಮೆಟ್ಟಿಲಿನ ಮೇಲೆ ಒಂದು ಕಾಲಿಟ್ಟರು. ಬೆರಿಲ್‌ಳ ತುಟಿ ತೆರೆಯಿತು. ಕ್ಲಿಫ್ ಕಣ್ಣು ಮುಚ್ಚಿಕೊಂಡ.

"ತಿದ್ದುಪಡಿ," ಎಂದಳು ಬೆರಿಲ್. "ಚೆಂಡು ಒಳಗಿತ್ತು. ಪಾಯಿಂಟ್ ಮತ್ತೆ ಆಡಿ."

"ಏನ್ರೀ ಇದು!" ಡಾಕ್ಟರು ಕೂಗಿದರು. "ನೀವು ಕೂಗಿದ್ದಕ್ಕೇ ಅಲ್ವಾ ನಾನು ನಿಲ್ಲಿಸಿದ್ದು?"

"ಹೌದು. ಅದಕ್ಕೇ ಮತ್ತೆ ಆಡಿ."

ಮೌನ. ಇಂಥ ಮೌನಕ್ಕೆ ಥಾರ್ನ್‌ಬೆಕ್‌ನಲ್ಲಿ ಒಂದೇ ಮದ್ದು, ಸಾರಿ. ಯಾರಾದರೂ ಅದನ್ನು ಕುಡಿಸಲೇಬೇಕು. ಎಲ್ಲರೂ ಕುರ್ಚಿಯತ್ತ ನೋಡಿದರು. ಕುರ್ಚಿ ಕಲ್ಲಾಗಿತ್ತು. ಕೊನೆಗೆ ಡಾಕ್ಟರಿಗೇ ತಡೆಯಲಾಗಲಿಲ್ಲ.

"ಸಾರಿ ಬೆರಿಲ್. ಕೂಗಾಡಬಾರದಿತ್ತು."

"ನಂದೂ ಸಾರಿ," ಎಂದ ಹೆಬಲ್‌ವೈಟ್. "ಇನ್ನೊಂಚೂರು ಒಳಗೆ ಹೊಡೀಬೇಕಿತ್ತು."

ಟ್ರೆಂಚರ್ಡ್ ಏಣಿಯಿಂದ ಹಿಂದೆ ಸರಿಯಲು ಹೋಗಿ ಕ್ಲಿಫ್‌ನ ಕಾಲು ತುಳಿದರು. "ಸಾರಿ!" ಎಂದ ಕ್ಲಿಫ್. "ಸಾರಿ!" ಎಂದರು ಲೀಡ್ಸ್‌ನ ಟ್ರೆಂಚರ್ಡ್. ವಾರವಿಡೀ ಪಳಗಿದ್ದ ಕ್ಲಿಫ್‌ನ ಬೆರಳು ಜೇಬಿನೊಳಗೆ ತಂತಾನೇ ಅಲುಗಿತು. ಟ್ರಿಂಗ್!

"ಪ್ರೇಕ್ಷಕರು ದಯವಿಟ್ಟು ಶಾಂತವಾಗಿರಿ," ಎಂದಿತು ಸಿಂಹಾಸನ.

ಹೆಬಲ್‌ವೈಟ್ ಗೆದ್ದ. ಆಟ ಮುಗಿದ ಮೇಲೆ ಟ್ರೆಂಚರ್ಡ್ ಮೇಲಕ್ಕೆ ಕೈ ನೀಡಿದರು. "ಇಳೀರಿ ಅಂಪೈರ್. ಪಾಸು."

ಬೆರಿಲ್‌ಳ ಬೂಟು ಹುಲ್ಲಿಗೆ ತಾಗಿದ್ದೇ ತಡ, ಅಣೆಕಟ್ಟು ಒಡೆಯಿತು. ಡಾಕ್ಟರಿಗೆ ಸಾರಿ, ಡ್ರೈವರಿಗೆ ಸಾರಿ, ಚಹಾ ಸಿಗದೆ ಬಾಯಾರಿದವರಿಗೆಲ್ಲ ಸಾರಿ, ಇಷ್ಟು ಹೊತ್ತು ಕೂರಿಸಿಕೊಂಡ ಕುರ್ಚಿಗೂ ಒಂದು. ಕ್ಲಿಫ್ ಗಂಟೆ ತೆಗೆದ. ಟ್ರೆಂಚರ್ಡ್ ಅವನ ಕೈ ಹಿಡಿದರು.

"ಬಿಡಿ. ನೆಲದ ಮೇಲೆ ನಡೆಯುತ್ತೆ."

ಮುಂದಿನ ವಾರ ಬೆರಿಲ್ ಇನ್ನೊಂದು ಕುರ್ಚಿಯಲ್ಲಿ ಅಂಗಾತ ಮಲಗಿದ್ದಳು. ಬಾಯಿ ತುಂಬ ಹತ್ತಿ. ಡಾ. ಲ್ಯಾಂಗ್‌ಸ್ಟಾಫ್ ಕೊರೆಯುವುದನ್ನು ನಿಲ್ಲಿಸಿ, ಹಿಂದೆಂದೂ ಇಲ್ಲದ ಭಯಭಕ್ತಿಯಿಂದ ಬಗ್ಗಿ ಕೇಳಿದರು.

"ನೋವಾಯ್ತಾ? ಸಾರಿ, ಬೆರಿಲ್. ಸರಿಯಾದ ಜಾಗದಲ್ಲೇ ಕೊರೀತಿದೀನಾ?"

ಬೆರಿಲ್ ಮಾತಾಡುವ ಹಾಗಿರಲಿಲ್ಲ. ಎರಡೂ ಅಂಗೈಗಳನ್ನು ನೆಲದ ಕಡೆಗೆ ಚಪ್ಪಟೆ ಹಿಡಿದು ತೋರಿಸಿದಳು.