ಅತ್ತೆಯ ಕೂಗಿಗೆ ಓಗೊಟ್ಟ ಜಿಂಕೆ

ಅತ್ತೆಯ ಹತ್ತಿರ ಮಗುವನ್ನು ಬಿಟ್ಟು ಕೆಲಸಕ್ಕೆ ಹೋಗುವುದು ಹೇಗೆ ಎಂಬ ಚಿಂತೆ ವಾರದಿಂದ ನನ್ನ ತಲೆ ತಿನ್ನುತ್ತಿತ್ತು. ಬಿಸ್ತ್ರಿತ್ಸ ಪಟ್ಟಣದ ಶಾಲೆಯವರು ನನಗೆ ಕೆಲಸ ಕೊಡುವುದಾಗಿ ಹೇಳಿ, ಶನಿವಾರ ಸಂಜೆಯೊಳಗೆ ಉತ್ತರ ಕೇಳಿದ್ದರು. ನನ್ನ ಮಗಳು ವೋಯ್ಕಾಗೆ ಇನ್ನೂ ಮೂರು ತುಂಬಿಲ್ಲ. ಸಾಫ್ತಾ ಅತ್ತೆಯೋ ಭಯವೆಂಬುದನ್ನೇ ಅರಿಯದವರು. ಗಂಡ ಸತ್ತ ಮೇಲೂ ಒಬ್ಬರೇ ಬೆಟ್ಟದಲ್ಲಿ ಕುರಿ ಮೇಯಿಸಿದವರು. ಕರಡಿ ಹತ್ತಿಳಿದ ಸೇಬಿನ ಮರಕ್ಕೆ ಮರುದಿನವೇ ಏಣಿ ಹಾಕಿದವರು. ಅಂಥವರು ಮಗುವನ್ನು ಎಲ್ಲೆಲ್ಲಿಗೆ ಕರೆದೊಯ್ಯುತ್ತಾರೋ!

ಎತ್ತಿನ ಕೊಂಬು ಅವರ ಇನ್ನೊಂದು ಹುಚ್ಚು. ಶರತ್ಕಾಲದಲ್ಲಿ ಕೆಂಪು ಜಿಂಕೆಯ ಗಂಡುಗಳು ಹೆಣ್ಣಿಗಾಗಿ ಗರ್ಜಿಸುವಾಗ ನಮ್ಮೂರ ಗಂಡಸರು ತುದಿ ಕತ್ತರಿಸಿದ ಕೊಂಬಿನೊಳಗೆ ಹಾಗೆಯೇ ಕೂಗಿ ಅವನ್ನು ಕೆಣಕುತ್ತಾರೆ. ಹೆಂಗಸರಲ್ಲಿ ಕೂಗುವವರು ಅತ್ತೆ ಒಬ್ಬರೇ.

ಶನಿವಾರ ಬೆಳಿಗ್ಗೆ ಮೂವರೂ ಅಣಬೆಗೆಂದು ಬೀಚ್ ಮರಗಳ ಕಾಡು ಹತ್ತಿದೆವು. ಎಲೆಗಳೆಲ್ಲ ತಾಮ್ರವಾಗಿದ್ದವು. ಅತ್ತೆ ಕೊಂಬೆತ್ತಿ ಕೂಗಿದರು. ದಿಬ್ಬದಾಚೆಯಿಂದ ಒರಟು ಉತ್ತರ ಬಂತು.

"ಮುದಿ ಗಂಡು. ಗಂಟಲು ಕಟ್ಟಿದೆ ಪಾಪ," ಎಂದು ಪಿಸುಗುಟ್ಟಿ ಮತ್ತೆ ಕೂಗಿದರು. ಉತ್ತರ ಹತ್ತಿರವಾಯಿತು. ನಾನು ಮಗುವನ್ನು ಅವಚಿಕೊಂಡೆ. ಪೊದೆ ಸರಿಯಿತು. ಹೊರಬಂದವನು ಪಕ್ಕದ ಕಣಿವೆಯ ಗವ್ರಿಲ, ಕೈಯಲ್ಲಿ ಕೊಂಬು!

"ಥೂ, ನೀನಾ ಸಾಫ್ತಕ್ಕ! ಬೆಳಿಗ್ಗೆಯಿಂದ ನಿನ್ ಹಿಂದೆ ತೆವಳ್ಕೊಂಡ್ ಬಂದ್ನಲ್ಲ!"

"ಈ ವಯಸ್ಸಲ್ಲೂ ನನ್ ಹಿಂದೆ ಬರೋರು ಇದಾರಲ್ಲ, ಪುಣ್ಯ! ನಿನ್ ಹೆಂಡ್ತಿಗೆ ಹೇಳ್ಲಾ?"

"ಹೇಳು ಮಾರಾಯ್ತಿ. ನಿನ್ ಆ ಕಂಠಕ್ಕೆ ಗಡ್ಡ ಒಂದೇ ಬಾಕಿ."

ವೋಯ್ಕಾ ಕೇಕೆ ಹಾಕಿ ನಕ್ಕಳು. ಆಗಲೇ ಮತ್ತೊಂದು ಗರ್ಜನೆ, ಎದೆಯೊಳಗೇ ಗುಡುಗಿದ ಹಾಗೆ. ಈ ಸಲ ಇಬ್ಬರ ಕೊಂಬೂ ಕೆಳಗಿದ್ದವು. ಮರಗಳ ನಡುವೆ ನಿಜವಾದ ಗಂಡು ನಿಂತಿತ್ತು: ಕೆಸರು ಮೆತ್ತಿದ ಕೊರಳು, ಮೂಗಿನಿಂದ ಹಬೆ, ಕವಲುಗೊಂಬಿಗೆ ಸಿಕ್ಕಿದ ಹುಲ್ಲು. ಹಿಂದೆ ನಾಲ್ಕೈದು ಹೆಣ್ಣುಗಳು. ಎಷ್ಟು ಚೆಂದವಿತ್ತೆಂದರೆ ನಾನು ಹೆದರುವುದನ್ನೇ ಮರೆತೆ.

ಅತ್ತೆ ಮರೆಯಲಿಲ್ಲ. ಮಗುವನ್ನು ನನ್ನ ಕೈಯಿಂದ ಕಸಿದು, ನನ್ನನ್ನೂ ಎಳೆದುಕೊಂಡು ದಪ್ಪ ಮರದ ಹಿಂದೆ ಸೇರಿದರು. ಗಂಡು ಒಮ್ಮೆ ಕಾಲು ಕೆರೆದು, ತನ್ನ ಸಂಸಾರವನ್ನು ಅಟ್ಟಿಕೊಂಡು ಹೋದ ಮೇಲೂ ಅವರು ಅವಚಿಕೊಂಡ ಮಗುವನ್ನು ಕೆಳಗಿಳಿಸಲಿಲ್ಲ.

"ಅತ್ತೆ, ನಿಮಗೂ ಭಯನಾ?"

"ಆಗ್ದೆ ಇರುತ್ತೇನೇ? ಒಬ್ಳೇ ಇದ್ದಾಗ ಬೇರೆ. ಈಗ ಈ ಚಿನ್ನ ಇದಾಳಲ್ಲ ಕಣೇ. ಯಾರಿಗೂ ಹೇಳ್ಬೇಡ."

"ನಂಗೆ ಕೇಳಿಸ್ತು," ಎಂದ ಗವ್ರಿಲ, ಇನ್ನೊಂದು ಮರದ ಹಿಂದಿನಿಂದ.

ನಾನು ನಕ್ಕೆ, ಒಂದು ವಾರದಲ್ಲಿ ಅದೇ ಮೊದಲು. ದಿಬ್ಬದ ಮೇಲೆ ಸಿಗ್ನಲ್ ಸಿಕ್ಕಿದ ಕೂಡಲೇ ಮುಖ್ಯೋಪಾಧ್ಯಾಯಿನಿಗೆ ಫೋನ್ ಮಾಡಿದೆ.

"ಸೋಮವಾರ ಬರ್ತೀನಿ ಮೇಡಂ. ಹೌದು, ಮಗುನ ಅವಳ ಅಜ್ಜಿ ನೋಡ್ಕೋತಾರೆ."